ಒಂದು ದಿನದ ಸೂಟಿಗೆ ಕಾದ ಮಳೆಗಾಲ

ಮೊನ್ನೆ ಮಸ್ಕಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಎದುರಿನ ಅಂಗಡಿಯವನು ಸಂಜೆಯ ದೀಪ ಹಚ್ಚಿ ಕೆಂಡದ ಮೇಲೆ ಚಿಟಿಕೆ ಲೋಬಾನ ಹಾಕಿದ. ಬಿಳಿ ಹೊಗೆ ಮೂಗಿಗೆ ಬಂದದ್ದೇ ತಡ, ನಿಂತಲ್ಲೇ ನನಗೆ ನಗು ಬಂತು. ಮೊಮ್ಮಗಳು ಸೆರಗು ಜಗ್ಗಿ, "ಯಾಕ ನಗಾಕತ್ತೀ ಅಜ್ಜೀ? ಯಾರನ್ನ ನೋಡಿ ನಗಾಕತ್ತೀ?" ಎಂದು ಕೇಳಿದಳು. ಏನು ಹೇಳಲಿ ಅವಳಿಗೆ? ಎಳೆ ಕೂಸಿಗೆ ಎರೆದು, ತಲೆ ಒರೆಸಿ, ಬುಟ್ಟಿ ಬೋರಲು ಹಾಕಿ, ಅದರ ಕೆಳಗೆ ಲೋಬಾನದ ಹೊಗೆ ಇಟ್ಟು ಕೂದಲು ಆರಿಸುತ್ತಾರಲ್ಲ, ಆ ವಾಸನೆ ಅದು. ಅವಳದೇ ತಲೆಯ ವಾಸನೆ. ಆ ವಾಸನೆ ನನ್ನ ಮೂಗಿಗೆ ಮುಟ್ಟಲು ಒಂದು ಪೂರ್ತಿ ಮಳೆಗಾಲ ಹಿಡಿದಿತ್ತು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಬರೆಯುವುದು ನಿಧಾನ. ಆದರೆ ಖುಷಿ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಹೇಳಿಯೇ ಬಿಡುತ್ತೇನೆ.

ದಢೇಸುಗೂರಿನ ಆಚೆ, ಕಾಲುವೆಯ ಬಾಲದಲ್ಲಿ ನಮ್ಮದು ಮೂರೆಕರೆ ಭತ್ತದ ಗದ್ದೆ. ಬಾಲ ಎಂದರೆ ಗೊತ್ತಲ್ಲ, ನೀರು ಎಲ್ಲರ ಗದ್ದೆಗೂ ಹೋಗಿ, ಎಲ್ಲರ ಹೊಟ್ಟೆ ತುಂಬಿ, ಉಳಿದರೆ ನಮಗೆ. ನಮ್ಮ ಪಾಳಿ ಬಂದಾಗ ತೂಬಿನ ಬಾಯಲ್ಲಿ ಒಬ್ಬರು ಕೂತಿರಲೇಬೇಕು. ಎದ್ದು ಹೋದರೆ ಮೇಲಿನವರು ಒಂದು ಕಲ್ಲು, ಎರಡು ಹಿಡಿ ಹುಲ್ಲು ತುರುಕಿ ನೀರನ್ನು ತಮ್ಮ ಕಡೆ ತಿರುಗಿಸಿಕೊಳ್ಳುತ್ತಾರೆ. ಕೇಳಿದರೆ "ನಾವಲ್ಲಕ್ಕ, ಏಡಿ ಮುಚ್ಚಿರಬೇಕು" ಎನ್ನುತ್ತಾರೆ. ನಮ್ಮ ಕಾಲುವೆಯ ಏಡಿಗಳು ಅಷ್ಟು ದೊಡ್ಡ ಕಲ್ಲು ಎತ್ತುತ್ತವೆ!

ಮೊಮ್ಮಗಳು ಹುಟ್ಟಿದ ಆ ವರ್ಷ ನಮ್ಮ ಮಗ ಬಸವರಾಜ ಭತ್ತ ಕೊಯ್ಯುವ ಮಷಿನ್ ನಡೆಸುತ್ತಿದ್ದ. ಎಲ್ಲಿ ಭತ್ತ ಹಣ್ಣಾದರೆ ಅಲ್ಲಿಗೆ ಮಷಿನ್ ಹೋಗಬೇಕು, ಮಷಿನ್ ಹಿಂದೆ ಇವನು. ನಮ್ಮಲ್ಲಿ ನಾಟಿ ಶುರುವಾಗುವಾಗ ಅವನು ತಮಿಳುನಾಡಿನ ಕಡೆ ಇದ್ದ. ಸೊಸೆ ಸುನಂದಾ ಚೊಚ್ಚಲ ಬಾಣಂತನಕ್ಕೆ ತವರಿಗೆ, ಗುರುಗುಂಟಾಕ್ಕೆ ಹೋಗಿದ್ದಳು. ಗದ್ದೆಯಲ್ಲಿ ಉಳಿದದ್ದು ನಾನು, ನಮ್ಮವರು, ಮತ್ತು ಹಣೆಯ ಮೇಲೆ ಬಿಳಿ ಚುಕ್ಕಿ ಇದ್ದ ನಮ್ಮ ಗಬ್ಬದ ಎಮ್ಮೆ ಚಂದ್ರಿ.

ಕೂಸು ಹುಟ್ಟಿದ ಸುದ್ದಿ ಬಂದಾಗ ನಾನು ಮೊಣಕಾಲುದ್ದ ಕೆಸರಿನಲ್ಲಿ ಸಸಿ ಹಿಡಿದು ನಿಂತಿದ್ದೆ. ಬೀಗತಿ ಈರಮ್ಮ ಫೋನಿನಲ್ಲಿ, "ಹೆಣ್ಣ ಕೂಸು ರೀ ಬೀಗತಿ, ಥೇಟ್ ನಿಮ್ಮ ಮೂಗೇ!" ಎಂದಳು. ನಾನು ಸಸಿ ಬಿಟ್ಟು ಬದುವಿಗೆ ಹಾರಿದೆ. ಕೈಕಾಲು ತೊಳೆದು, ಸೀರೆ ಬದಲಿಸಿ, ಊರಿನ ಹುಡುಗನೊಬ್ಬನ ಬೈಕಿನ ಹಿಂದೆ ಕೂತು ಡಾಂಬರು ರಸ್ತೆಗೂ ಬಂದೆ. ಸಿಂಧನೂರಿನ ಬಸ್ಸು ದೂರದಲ್ಲಿ ಕಾಣುತ್ತಿತ್ತು. ಅಷ್ಟರಲ್ಲಿ ನಮ್ಮವರ ಫೋನು.

"ಎಲ್ಲಿದ್ದೀ?"

"ಬಸ್ ಬರಾಕತ್ತೈತಿ ರೀ. ಯಾಕ?"

"ನಮ್ಮ ಕಾಲುವಿಗೆ ನೀರು ಬಿಟ್ಟಾರ. ನಾ ತೂಬಿನ ಹತ್ರ ಕುಂತರ ನಾಟಿ ಹೆಣ್ಮಕ್ಕಳಿಗೆ ಸಸಿ ಎಸೆಯೋರು ಯಾರು?"

ಬಸ್ಸು ಬಂತು. ಬಾಗಿಲಲ್ಲಿ ನಿಂತ ಕಂಡಕ್ಟರ್ "ಹತ್ತಬೇ ಯವ್ವಾ" ಎಂದ. ನಾನು ಹತ್ತಲಿಲ್ಲ. ಅವನಿಗೆ ಯಾಕೋ ಹೇಳಬೇಕೆನ್ನಿಸಿ, "ನನಗ ಮೊಮ್ಮಗಳು ಹುಟ್ಯಾಳ" ಎಂದೆ. ಅವನು "ಛಲೋ ಆತು ಬಿಡು" ಎಂದು ಸೀಟಿ ಊದಿದ. ಬಸ್ಸು ಹೋಯಿತು. ಹುಡುಗ ಬೈಕ್ ತಿರುಗಿಸಿದ.

ಸೂಟಿ, ಅಂದರೆ ರಜೆ, ಎನ್ನುವ ಮಾತು ನೌಕರಿ ಇದ್ದವರದು. ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಸೂಟಿ ಇದ್ದದ್ದು ಎತ್ತುಗಳಿಗೆ ಮಾತ್ರ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ಮದುವೆಯಾಗಿ ಬಂದ ಹೊಸದರಲ್ಲಿ ಸೋಮವಾರ ಎತ್ತುಗಳು ಮೈ ತೊಳೆಸಿಕೊಂಡು ಬೇವಿನ ನೆರಳಲ್ಲಿ ಮಲಗಿ ಮೆಲುಕಾಡುತ್ತಿದ್ದವು. ಮೈ ತೊಳೆಯುವವಳು ನಾನು. ಮತ್ತೊಂದು ಜನ್ಮ ಇದ್ದರೆ ಎತ್ತಾಗಿಯೇ ಹುಟ್ಟಬೇಕು ಎಂದು ಆಗಲೇ ಅನ್ನಿಸಿತ್ತು. ಆಮೇಲೆ ಎತ್ತು ಹೋದವು, ಬಾಡಿಗೆ ಟ್ರ್ಯಾಕ್ಟರು ಬಂತು. ಟ್ರ್ಯಾಕ್ಟರಿಗೆ ವಾರವಿಲ್ಲ, ಬಸವಣ್ಣನಿಲ್ಲ. ಮನೆಯಲ್ಲಿದ್ದ ಅದೊಂದು ಸೂಟಿಯೂ ಹೋಯಿತು.

ನಾಟಿ ಮುಗಿಯಲಿ ಹೋಗೋಣ ಎಂದುಕೊಂಡೆ. ನಾಟಿ ಮುಗಿಯಿತು, ಮಳೆ ಹಿಡಿಯಿತು. ಅಂಥ ಮಳೆಯೆಂದರೆ ಬದು ಕಿತ್ತು ಹೊಸ ಸಸಿಗಳು ನೀರಲ್ಲಿ ತೇಲಿದವು. ಬದು ಕಟ್ಟಿದೆವು, ಸಸಿ ಮತ್ತೆ ಊರಿದೆವು. ಅದು ಮುಗಿಯುವಷ್ಟರಲ್ಲಿ ಚಂದ್ರಿ ಈಯಿತು. ಕರು ಎರಡೇ ದಿನ ಬದುಕಿತು. ನಮ್ಮವರು ಅದನ್ನು ಬದುವಿನ ಪಕ್ಕ ಹೂತು ಬಂದರು. ಚಂದ್ರಿ ಮೂರು ದಿನ ಒದರಿತು.

ಅಲ್ಲಿಗೆ ನನ್ನ ಕಾಲಿಗೆ ಸರಪಳಿ ಬಿತ್ತು. ಕರು ಬಂದು ಗುದ್ದಿದರೆ ಎಮ್ಮೆ ಸೊರ ಬಿಡುತ್ತದೆ, ಅಂದರೆ ಕೆಚ್ಚಲಿಗೆ ಹಾಲು ಇಳಿಸುತ್ತದೆ. ಕರುವೇ ಇಲ್ಲದಾಗ ಚಂದ್ರಿ ನನ್ನನ್ನು ಹಿಡಿದುಕೊಂಡಿತು. ನಾನು ಹತ್ತಿರ ಕೂತು, ಕೆಚ್ಚಲಿಗೆ ಬಿಸಿನೀರು ಸೋಕಿಸಿ, "ಚಂದ್ರೀ, ನಮ್ಮವ್ವಾ, ಬಿಡವ್ವಾ, ಯಾರ ಮಗಳು ನೀ, ನನ್ನ ಮಗಳಲ್ಲೇನು" ಎಂದು ಮೆಲ್ಲಗೆ ಮಾತಾಡುತ್ತಾ ಇದ್ದರೆ ಸ್ವಲ್ಪ ಹೊತ್ತಿಗೆ ಬಾಲ ಸಡಿಲ ಬಿಟ್ಟು ಕಣ್ಣು ಅರೆ ಮುಚ್ಚಿ ಹಾಲು ಇಳಿಸುತ್ತಿತ್ತು. ನಮ್ಮವರು ಕೂತರೆ ಒದೆಯುತ್ತಿತ್ತು. ಅವರ ಮೊಣಕಾಲಿನ ಮೇಲೆ ಅದರ ಗೊರಸಿನ ಗುರುತು ಇವತ್ತಿಗೂ ಇದೆ. ಕರೆಯದೆ ಬಿಟ್ಟರೆ ಕೆಚ್ಚಲು ಬಾತು, ಜ್ವರ ಬಂದು ಎಮ್ಮೆ ಕೆಟ್ಟು ಹೋಗುತ್ತದೆ. ಹೀಗಾಗಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನಾನು ಅಲ್ಲಿರಲೇಬೇಕು. ಎರಡು ಬಸ್ಸು ಬದಲಿಸಿ ಸಿಂಧನೂರು, ಮಸ್ಕಿ, ಲಿಂಗಸುಗೂರು ದಾಟಿ ಗುರುಗುಂಟಾಕ್ಕೆ ಹೋಗಿ ಸಂಜೆಯೊಳಗೆ ತಿರುಗಿ ಬರಲು ನನಗೇನು ರೆಕ್ಕೆ ಇದ್ದವೇ?

ಸುನಂದಾ ದಿನಾ ಫೋಟೋ ಕಳಿಸುತ್ತಿದ್ದಳು. ಫೋನಿನ ಗಾಜಿನ ಮೇಲೆ ಬೆರಳಿಟ್ಟು ಕೂಸಿನ ಗಲ್ಲ ಸವರಿದರೆ ಚಿತ್ರ ಸರಿದು, ಹಿಂದಿನ ವರ್ಷದ ಭತ್ತದ ರಾಶಿ ಬಂದು ನಿಲ್ಲುತ್ತಿತ್ತು. ಮತ್ತೆ ಹುಡುಕಿ ತಂದು ಮತ್ತೆ ಸವರುತ್ತಿದ್ದೆ, ಮತ್ತೆ ಭತ್ತ. "ಸವರಬ್ಯಾಡಲೇ, ಬರೇ ನೋಡು" ಎಂದು ನಮ್ಮವರು ಬೈಯುತ್ತಿದ್ದರು. ಬರೀ ನೋಡುವುದಕ್ಕೆ ಆಗುತ್ತದೆಯೇ?

ಹೀಗೆ ದಸರಾ ಹತ್ತಿರ ಬಂತು. ಬಸವರಾಜನಿಗೆ ಒಂದೇ ಒಂದು ದಿನ ಬಿಡುವು ಸಿಗುವುದೆಂದೂ ಅವತ್ತೇ ತೊಟ್ಟಿಲಿಗೆ ಹಾಕುವುದೆಂದೂ ಬೀಗರು ಹೇಳಿ ಕಳಿಸಿದರು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಕೂಗುವವಳು ಸೋದರತ್ತೆ. ಬಸವರಾಜನಿಗೆ ಅಕ್ಕತಂಗಿಯರಿಲ್ಲ. ನಮ್ಮ ಕಡೆಯಿಂದ ಆ ಹಕ್ಕು ನನ್ನೊಬ್ಬಳದೇ. ನಾನು ಹೋಗದಿದ್ದರೆ ನನ್ನ ಮೊಮ್ಮಗಳ ಕಿವಿಗೆ ಬೇರೆ ಯಾರೋ ಬಾಯಿಡುತ್ತಾರೆ. ಇಡೀ ಮಳೆಗಾಲ ತಡೆದುಕೊಂಡಿದ್ದೆ, ಇದನ್ನು ತಡೆದುಕೊಳ್ಳಲಾರೆ ಎನ್ನಿಸಿತು.

ಮಗ್ಗುಲ ಕ್ಯಾಂಪಿನ ಲಕ್ಷ್ಮಮ್ಮನ ಹತ್ತಿರ ಹೋದೆ. ಅವಳ ಹಿರಿಯರು ಆಂಧ್ರದಿಂದ ಬಂದು ಕಾಲುವೆ ಬದಿಗೆ ನೆಲೆಸಿದವರು. ಎಮ್ಮೆ ಕರೆಯುವುದರಲ್ಲಿ ಅವಳ ಕೈ ಬಹಳ ಹಗುರ. "ಏಂ ಪರವಾಲೇದಕ್ಕಾ, ನಾ ಕರೀತೀನಿ, ನೀವು ಹೋಗ್ರಿ" ಎಂದು ಧೈರ್ಯ ಹೇಳಿದಳು. ಹಿಂದಿನ ದಿನ ಸಂಜೆ ಪರೀಕ್ಷೆ ಮಾಡಿದೆವು. ಲಕ್ಷ್ಮಮ್ಮ ನನ್ನ ಸಗಣಿ ವಾಸನೆಯ ಹಳೇ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ನನ್ನಂತೆಯೇ ಸ್ವಲ್ಪ ಕುಂಟುತ್ತಾ ಬಂದಳು. ಚಂದ್ರಿ ಮೂಸಿ ನೋಡಿ ಸುಮ್ಮನಾಯಿತು. ನಾನು ಗೋಡೆಯ ಹಿಂದೆ ಅಡಗಿ ನಿಂತಿದ್ದೆ. ಲಕ್ಷ್ಮಮ್ಮ ಕೆಚ್ಚಲಿಗೆ ಕೈ ಹಾಕಿ ಬಹಳ ಪ್ರೀತಿಯಿಂದ, "ರಾ ತಲ್ಲೀ, ಬಂಗಾರು ತಲ್ಲೀ" ಎಂದಳು. ಅಷ್ಟೇ! ಕೊಡ ಒಂದು ಕಡೆ, ಲಕ್ಷ್ಮಮ್ಮ ಒಂದು ಕಡೆ.

ನಮ್ಮವರು ಬಿದ್ದು ಬಿದ್ದು ನಕ್ಕರು. "ನಿನ್ನ ಎಮ್ಮಿಗೆ ತೆಲುಗು ಬರಂಗಿಲ್ಲವಾ!"

"ಕನ್ನಡದಾಗ ಹೇಳ್ತೀನಿ ತಡೀರಿ," ಎಂದು ಲಕ್ಷ್ಮಮ್ಮ ಸೀರೆ ಕೊಡವಿ ಎದ್ದು ಕನ್ನಡದಲ್ಲೂ ಹೇಳಿ ನೋಡಿದಳು. ಚಂದ್ರಿ ಕಿವಿ ನಿಮಿರಿಸಿ ನಾನಿದ್ದ ಗೋಡೆಯ ಕಡೆಗೇ ನೋಡುತ್ತಾ ನಿಂತಿತು. ಅದಕ್ಕೆ ಬೇಕಾದದ್ದು ಸೀರೆಯಲ್ಲ, ನನ್ನ ದನಿ.

ಅವತ್ತು ನಾನು ಊಟ ಮಾಡಲಿಲ್ಲ. ನಮ್ಮವರೇ ಕಡೆಗೆ ಹೇಳಿದರು: "ಬೆಳಿಗ್ಗಿನ ಹಾಲು ಕರದು ಮೊದಲನೇ ಬಸ್ಸಿಗೆ ಹೋಗು. ಮಧ್ಯಾಹ್ನಕ್ಕ ತೊಟ್ಟಿಲದು ಮುಗೀತೈತಿ. ಹೆಸರು ಕೂಗು, ಎದ್ದು ಬಾ. ಹೊತ್ತು ಮುಳುಗೂದ್ರಾಗ ಬಂದರ ಸಾಕು."

ಹಾಗೇ ಹೋದೆ. ಬಸ್ಸಿನಲ್ಲಿ ಕೂತರೂ ಮೈಯೆಲ್ಲಾ ಗದ್ದೆಯಲ್ಲೇ. ಮಸ್ಕಿ ದಾಟುವಾಗ ಗುಡ್ಡದ ಮೇಲೆ ಮೋಡ ಕಂಡರೆ ನಮ್ಮಲ್ಲೂ ಮಳೆಯೇನೋ ಎಂದು ಫೋನು. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸುವಾಗ ಎಮ್ಮೆಗೆ ನೀರು ತೋರಿಸಿದಿರಾ ಎಂದು ಫೋನು. "ಲೇ, ನೀ ಹೋಗೀಯೋ ಇಲ್ಲೇ ಅದೀಯೋ?" ಎಂದು ನಮ್ಮವರು ಕಟ್ ಮಾಡಿದರು. ದಾರಿಯುದ್ದಕ್ಕೂ ಕೂಸಿನ ಹೆಸರು ಬಾಯಿಪಾಠ ಮಾಡಿದೆ. ಸುನಂದಾ ಫೋನಿನಲ್ಲಿ ಹುಡುಕಿ ಇಟ್ಟ ಹೆಸರು ಸಮನ್ವಿತಾ. ನನ್ನ ನಾಲಿಗೆಗೆ ಅದು ಒಗ್ಗದು. ಸಮನ್ವಿತಾ, ಸಮನ್ವಿತಾ. ಪಕ್ಕದಲ್ಲಿ ಕೂತವಳು ನಾನು ಮಂತ್ರ ಹೇಳುತ್ತಿದ್ದೇನೆ ಎಂದು ಸರಿದು ಜಾಗ ಕೊಟ್ಟಳು.

ಬೀಗರ ಮನೆ ಹೊಸ್ತಿಲಲ್ಲಿ ಲೋಬಾನದ ಹೊಗೆ. ಆಗತಾನೇ ಎರೆದಿದ್ದರು. ಸುನಂದಾ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಹಾಗೇ ನನ್ನ ಕೈಗೆ ಇಟ್ಟಳು. ಬೆಚ್ಚಗೆ, ಹಗುರಕ್ಕೆ, ನೆಲದಿಂದ ಆಗಷ್ಟೇ ಕಿತ್ತ ಗಡ್ಡೆಯಂತೆ. ನನ್ನ ಕೈ ಎಷ್ಟು ಒರಟು ಎಂದರೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತಿತ್ತು. ಗಲ್ಲ ಸವರಿದೆ. ಸರಿದು ಹೋಗಲಿಲ್ಲ! ಅಲ್ಲೇ ಇತ್ತು, ನನ್ನನ್ನು ನೋಡುತ್ತಿತ್ತು. ನಾನು ಅತ್ತೆನೋ ನಕ್ಕೆನೋ ನನಗೆ ಗೊತ್ತಿಲ್ಲ. ಈರಮ್ಮ, "ಬೀಗತಿ, ಕೂಸಿನ ಮಾರಿ ಮ್ಯಾಲೆ ಕಣ್ಣೀರು ಹನಿಸಬ್ಯಾಡ್ರಿ, ಈಗಷ್ಟೇ ಪೌಡರ್ ಹಚ್ಚೀನಿ" ಎಂದಳು.

ಮಧ್ಯಾಹ್ನವಾಯಿತು. ತೊಟ್ಟಿಲು ಸಿಂಗರಿಸಿದ್ದರು, ಗುಗ್ಗರಿ ಬೆಂದಿತ್ತು, ಓಣಿಯ ಹೆಂಗಸರು ಕೂತಿದ್ದರು. ಬಸವರಾಜ ಬರಲಿಲ್ಲ. ಬಸ್ಸು ಕೆಟ್ಟು ಎಲ್ಲೋ ನಿಂತಿದ್ದನಂತೆ. "ಅಪ್ಪ ಇಲ್ಲದ ತೊಟ್ಟಿಲಿಗೆ ಹೆಂಗ ಹಾಕೂದು?" ಎಂದರು ಹಿರಿಯರು. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ, ಬಾಗಿಲು ನೋಡುತ್ತಿದ್ದೆ. ನಾನು ಹತ್ತಬೇಕಾಗಿದ್ದ ಬಸ್ಸಿನ ಹೊತ್ತು ಆಯಿತು. ಎದ್ದು ಹೋದರೆ ಹೆಸರು ಬೇರೆಯವರ ಬಾಯಿಗೆ. ಕೂತರೆ ಅಲ್ಲಿ ಚಂದ್ರಿಯ ಕೆಚ್ಚಲು ಕಲ್ಲಾಗುತ್ತದೆ. ಎದ್ದೆ, ಕೂತೆ. ಮತ್ತೆ ಎದ್ದೆ. "ಯಾಕ್ರೀ ಬೀಗತಿ, ಇರಿವಿ ಕಡಿಯಾಕತ್ತಾವೇನು?" ಎಂದಳು ಈರಮ್ಮ. ಕೈಗೆ ಗುಗ್ಗರಿ ಕೊಟ್ಟರು, ಹಾಗೇ ಪಕ್ಕಕ್ಕಿಟ್ಟೆ. ಬೇರೆಯವರ ಮನೆಯ ಗಾದಿಯ ಮೇಲೆ, ಇಸ್ತ್ರಿ ಸೀರೆ ಉಟ್ಟು, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರೂ ಕಾಲುವೆಯ ಬಾಲದ ಗೂಟಕ್ಕೆ ಕಟ್ಟಿದ ಹಾಗೇ ಇದ್ದೆ.

ಹೊತ್ತು ಇಳಿಯುವಾಗ ಬಸವರಾಜ ಬೆವರು ಒರೆಸಿಕೊಳ್ಳುತ್ತಾ ಬಂದ. ಎಲ್ಲರೂ ಗಡಿಬಿಡಿಯಿಂದ ಎದ್ದರು. ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕಿದರು, ಆಮೇಲೆ ಕೂಸನ್ನು ತೊಟ್ಟಿಲ ಮೇಲೆ ಕೆಳಗೆ ಕೈಯಿಂದ ಕೈಗೆ ದಾಟಿಸಿದರು. ಅಷ್ಟು ಕೈ ಬದಲಾದ ಕೂಸು ಮುಖ ಕೆಂಪಗೆ ಮಾಡಿಕೊಂಡು ಚೀರತೊಡಗಿತು. "ಹೆಸರು ಕೂಗ್ರಿ, ಕೂಗ್ರಿ" ಎಂದು ಹೆಂಗಸರು ನನ್ನ ಬೆನ್ನ ಹಿಂದೆ ಮುಷ್ಟಿ ಬಿಗಿದು ನಿಂತರು. ಹೆಸರು ಕೂಗುವವಳ ಬೆನ್ನಿಗೆ ಗುದ್ದುವುದು ಪದ್ಧತಿ. ನಾನು ಕೂಸಿನ ಕಿವಿಗೆ ಬಾಯಿಟ್ಟು, ಹೆಸರಿಗೆ ಮೊದಲು ಅನ್ನುವ ಹಾಗೆ "ಕುರ್‍ರ್" ಎಂದೆ. ಆಗಲೇ ಫೋನು ಹೊಡೆದುಕೊಂಡಿತು.

ಸುನಂದಾಳ ತಂಗಿ ನನ್ನ ಚೀಲದಿಂದ ಫೋನು ತೆಗೆದು, ಹೆಸರು ನೋಡಿ, "ಮಾವಾರು" ಎಂದು ಅದನ್ನು ನನ್ನ ಇನ್ನೊಂದು ಕಿವಿಗೆ ಒತ್ತಿ ಹಿಡಿದಳು. ನಮ್ಮವರು ಏದುಸಿರು ಬಿಡುತ್ತಿದ್ದರು.

"ಲೇ, ಎಮ್ಮಿ ಹತ್ರ ಬಿಟ್ಟುಕೊಳ್ಳವಲ್ದು, ಕೆಚ್ಚಲ ಬಿಗದೈತಿ. ಫೋನ್ ಅದರ ಕಿವಿಗೆ ಹಿಡದೀನಿ, ಲಕ್ಷ್ಮಮ್ಮ ಕೊಡ ಹಿಡದು ಕುಂತಾಳ. ದನಿ ಕೊಡು, ಜಲ್ದಿ ದನಿ ಕೊಡು!"

ಬೆನ್ನ ಮೇಲೆ ಗುದ್ದು ಬೀಳುತ್ತಿದ್ದವು. ಕೂಸು ಚೀರುತ್ತಿತ್ತು. ದೂರದಲ್ಲಿ ಚಂದ್ರಿ ಬುಸುಗುಟ್ಟುವುದು ಕೇಳಿಸಿತು. ನನ್ನ ಬಾಯಿ ಕೂಸಿನ ಕಿವಿಯ ಹತ್ತಿರವೇ ಇತ್ತು. ಅಲ್ಲಿಂದಲೇ ಮಾತು ಹೊರಬಿತ್ತು:

"ಚಂದ್ರೀ, ನಮ್ಮವ್ವಾ, ಬಿಡವ್ವಾ, ಯಾರ ಮಗಳು ನೀ, ನನ್ನ ಮಗಳಲ್ಲೇನು..."

ಕೂಸು ಅಳು ನಿಲ್ಲಿಸಿತು. ಟಕ್ಕನೆ ನಿಲ್ಲಿಸಿ, ಕಣ್ಣು ಅಗಲ ಮಾಡಿ, ನನ್ನ ದನಿಯನ್ನೇ ಕೇಳುತ್ತಾ ಬಿದ್ದುಕೊಂಡಿತು. ಇನ್ನೊಂದು ಕಿವಿಯಲ್ಲಿ ಕೊಡದೊಳಗೆ ಹಾಲು ಸರ್ ಸರ್ ಎಂದು ಬೀಳುವ ಸದ್ದು. ನಾನು ಮಾತು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಎರಡೂ ಕೆಡುತ್ತವೆ. ಬೆನ್ನ ಹಿಂದಿನ ಮುಷ್ಟಿಗಳು ನಿಂತವು. ನಮ್ಮವರು "ಆತು, ಕೊಡ ತುಂಬೇತಿ" ಎಂದು ಫೋನು ಇಟ್ಟ ಮೇಲೆಯೇ ನನಗೆ ನಾನೇನು ಮಾಡಿದೆ ಎನ್ನುವುದು ತಿಳಿದದ್ದು.

"ಚಂದ್ರಿ ಅಂದ್ರ ಯಾರು?" ಎಂದು ಈರಮ್ಮ ಕೇಳಿದಳು.

ಬಸವರಾಜ ನೆಲ ನೋಡುತ್ತಾ, "ನಮ್ಮ ಎಮ್ಮಿ" ಎಂದ.

ಬೀಗತಿಯ ಮುಖ ಸಣ್ಣದಾಯಿತು. ಅವಳ ತಪ್ಪಲ್ಲ. ಇಡೀ ಓಣಿಯನ್ನು ಕರೆಸಿ ಮೊಮ್ಮಗಳಿಗೆ ಎಮ್ಮೆ ಹೆಸರು ಇಡಿಸಿಕೊಳ್ಳಲು ಯಾರಿಗೆ ಇಷ್ಟ? ಇಡೀ ಮಳೆಗಾಲ ಬಯಸಿದ ಒಂದು ಗಳಿಗೆ, ಅದನ್ನೂ ಆ ಗದ್ದೆ ನುಂಗಿತು ಎನ್ನಿಸಿತು. "ಮತ್ತೊಮ್ಮೆ ಕೂಗ್ತೀನಿ, ಸಮ... ಸಮನ್..." ಎಂದೆ. ನಾಲಿಗೆ ಹೊರಳಲೇ ಇಲ್ಲ.

ಮೂಲೆಯಲ್ಲಿ ಕೂತಿದ್ದ ಸುನಂದಾಳ ಅಜ್ಜಿ ಬೊಚ್ಚು ಬಾಯಿ ತೆರೆದು, "ಮೊದಲ ಕಿವಿಗೆ ಬಿದ್ದದ್ದೇ ಹೆಸರು. ಕೂಸು ಒಪ್ಪೇತಿ, ನೀವ್ಯಾರು ಕೇಳೋರು?" ಎಂದಳು. ಆಗ ಸುನಂದಾ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಅತ್ತೀ, ಎರಡು ತಿಂಗಳಿಂದ ಕೂಸು ಹಿಂಗ ಯಾರ ಮಾತೂ ಕೇಳಿಲ್ಲ ರೀ. ಇರಲಿ ಬಿಡ್ರಿ. ಶಾಲಿಗೆ ಸಮನ್ವಿತಾ, ಮನಿಗೆ ಚಂದ್ರಿ." ಅವಳು ನಕ್ಕ ಮೇಲೆ ಓಣಿಯೇ ನಕ್ಕಿತು. ಕಡೆಗೆ ಈರಮ್ಮನೂ ನಕ್ಕು, ನನ್ನ ಬೆನ್ನಿಗೆ ಇನ್ನೊಂದು ಗುದ್ದು ಹಾಕಿದಳು. ಅದು ಮಾತ್ರ ಜೋರಾಗೇ ಬಿತ್ತು.

ಕಡೆಯ ಬಸ್ಸು ಹೋಗಿತ್ತು. ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದೆ. ಬೆಳಗ್ಗೆಯ ಹಾಲೂ ಫೋನಿನಲ್ಲೇ ಆಯಿತು. ಆದ ಮೇಲೆ ನಮ್ಮವರು ಕೇಳಿದರು.

"ಹೆಸರು ಏನಿಟ್ರಿ?"

ಹೇಳಿದೆ.

"ಹಂಗಾರ ಎಮ್ಮಿಗೆ ಬ್ಯಾರೆ ಹೆಸರು ಹುಡುಕಬೇಕಲ್ಲಲೇ."

ಇಬ್ಬರೂ ನಕ್ಕೆವು. ನನಗೆ ಆಸೆ ಹುಟ್ಟಿತು. "ಹೆಂಗೂ ಫೋನ್‌ನ್ಯಾಗ ಹಾಲು ಬಿಡ್ತೈತಿ. ಇನ್ನೊಂದು ದಿನ ಇದ್ದು ಬರ್ಲೇನು ರೀ?"

ಅವರು ಮೆಲ್ಲಗೆ, "ನಾ ಇನ್ನೂ ನೋಡಿಲ್ಲಲೇ ಕೂಸನ್ನ" ಎಂದರು.

ಇಡೀ ಮಳೆಗಾಲ ಆ ಮನುಷ್ಯ ಒಂದು ದಿನವೂ ಬಾಯಿಬಿಟ್ಟು ಅದನ್ನು ಹೇಳಿರಲಿಲ್ಲ. ನಾನು ಕೂಸನ್ನು ಸುನಂದಾಳ ಕೈಗೆ ಕೊಟ್ಟೆ. ಈರಮ್ಮ ಕಟ್ಟಿಕೊಟ್ಟ ಗುಗ್ಗರಿ ಗಂಟು ಹಿಡಿದು ಮೊದಲ ಬಸ್ಸು ಹತ್ತಿದೆ.

ಗದ್ದೆಗೆ ಬಂದಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ಕಾಲುವೆಯಲ್ಲಿ ನೀರು ಬಂದಿತ್ತು, ನಮ್ಮದೇ ಪಾಳಿ. ತೂಬಿನ ಬದುವಿನ ಮೇಲೆ ನಮ್ಮವರು ನಿಂತಿದ್ದರು. ಕ್ಷೌರ ಮಾಡಿಸಿಕೊಂಡು, ತೊಳೆದ ಬಿಳಿ ಧೋತರ ಉಟ್ಟು, ಕೆಸರು ತಾಗದಂತೆ ಅದನ್ನು ಮೊಣಕಾಲಿಗೆ ಎತ್ತಿ ಹಿಡಿದುಕೊಂಡು, ಬಗಲಲ್ಲಿ ಚೀಲ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ ಏನೋ. ನಾನು ಕೂಸಿನ ಮಾತು ಶುರು ಮಾಡಲು ಬಾಯಿ ತೆರೆದೆ. "ಹೇಳಬ್ಯಾಡ, ನಾನೇ ನೋಡ್ತೀನಿ" ಎಂದು ಸಲಿಕೆಯನ್ನು ನನ್ನ ಕೈಗೆ ಕೊಟ್ಟು, ತಿರುಗಿ ಸಹ ನೋಡದೆ ಬಿರಬಿರನೆ ರಸ್ತೆಯ ಕಡೆ ನಡೆದರು.